ಬಸವಣ್ಣೆವ್ವ ಹಾಸ್ಪಿಟಲ್, ೨೪ ತಾಸು

"ಓಪಿಡಿ ಕುಠೇ ಆಹೇ?"

ಓಪಿಡಿ ಎಲ್ಲಿದೆ ಎಂದು ಮರಾಠಿಯಲ್ಲಿ ಕೇಳಿದ ಮನುಷ್ಯ ಬಾಗಿಲಲ್ಲಿ ಕೊಕ್ಕರೆಯ ಹಾಗೆ ಒಂಟಿ ಕಾಲಿನ ಮೇಲೆ ನಿಂತಿದ್ದ. ಇನ್ನೊಂದು ಪಾದ ಊದಿಕೊಂಡು ಬದನೆಕಾಯಿ ಆಗಿತ್ತು. ಕೈಯಲ್ಲಿ ಸೈಬರ್ ಕೆಫೆಯಲ್ಲಿ ತೆಗೆಸಿದ ಪ್ರಿಂಟ್‌ಔಟ್.

ಬಸವಣ್ಣೆವ್ವಜ್ಜಿ ಮೆಂತ್ಯಪಲ್ಯ ಸೋಸುವುದನ್ನು ನಿಲ್ಲಿಸಿ ತಲೆ ಎತ್ತಿದಳು.

"ಓಪಿಡಿ? ಹಂಗನ್ನಾವ್ರು ಈ ಬಿಲ್ಡಿಂಗ್‌ದಾಗ ಯಾರೂ ಇಲ್ಲಪಾ. ಮ್ಯಾಲ ದಿಗಂಬರ ಅಂತ ಒಬ್ರು ಅದಾರ, ಅವರನ್ನ ಕೇಳು."

ಒಳಕೋಣೆಯಲ್ಲಿ ಹೋಮ್‌ವರ್ಕ್ ಮಾಡುತ್ತಿದ್ದ ಮೊಮ್ಮಗ ಸ್ವಪ್ನಿಲನ ಪೆನ್ಸಿಲ್ ನಿಂತುಬಿಟ್ಟಿತು. ಓಪಿಡಿ ಎಂದರೆ ಆಸ್ಪತ್ರೆಯಲ್ಲಿ ಹೊರಗಿನಿಂದ ಬಂದ ರೋಗಿಗಳನ್ನು ನೋಡುವ ಜಾಗ ಎಂದು ಅವನಿಗೆ ಗೊತ್ತಿತ್ತು. ಆ ಕಾಗದದಲ್ಲಿ ಏನಿದೆ ಎಂಬುದೂ ಗೊತ್ತಿತ್ತು. ಗೊತ್ತಿದ್ದದ್ದೇ ತೊಂದರೆ.

ಬಂದವನು ಕಾಗದವನ್ನು ಅಜ್ಜಿಯ ಮೂಗಿನ ಮುಂದೆ ಹಿಡಿದ. ಚಿಂಚವಾಡದ ಓಣಿಗಳ ನಕ್ಷೆ. ನಡುವೆ ಒಂದು ಕೆಂಪು ಚುಕ್ಕೆ. ಚುಕ್ಕೆಯ ಕೆಳಗೆ ಇಂಗ್ಲಿಷಿನಲ್ಲಿ 'ಬಸವಣ್ಣೆವ್ವ ಹಾಸ್ಪಿಟಲ್' ಎಂದು ಅಚ್ಚಾಗಿತ್ತು. ಅಜ್ಜಿಗೆ ಇಂಗ್ಲಿಷ್ ಓದಲು ಬರುತ್ತಿರಲಿಲ್ಲ. ಕನ್ನಡವೂ ಅಷ್ಟಕ್ಕಷ್ಟೇ.

"ಯಾರು ಕಳಿಸ್ಯಾರ ನಿನ್ನ? ಕೋಣಿ ಪಾಠವಲಂ?" ಎಂದು ಕೇಳಿದಳು. ಅಜ್ಜಿ ಮಾತಾಡುವ ಮರಾಠಿ, ಕನ್ನಡದ ಸೀರೆಯನ್ನೇ ಬೇರೆ ರೀತಿ ಉಟ್ಟಂತಿರುತ್ತಿತ್ತು.

"ಇಂಟರ್ನೆಟ್," ಎಂದ ಅವನು, ನೋವಿಗೆ ಹಲ್ಲು ಕಚ್ಚಿಕೊಂಡು.

ಅದು ಯಾವುದೋ ಆಫೀಸು ಇರಬೇಕು ಎಂದುಕೊಂಡ ಅಜ್ಜಿ ಅವನನ್ನು ಕೂರಿಸಿದಳು. "ಸ್ವಪ್ಯಾ, ಔಡಲೆಣ್ಣಿ ಬೆಚ್ಚಗ ಮಾಡ್ಕೊಂಡು ಬಾ!"

ಅಜ್ಜಿ ಡಾಕ್ಟರ್ ಅಲ್ಲ, ನರ್ಸೂ ಅಲ್ಲ. ಇಂಡಿ ಕಡೆಯ ಹಳ್ಳಿಯಿಂದ ಮಗನ ಮನೆಗೆ ಬಂದವಳು. ಅವಳಿಗೆ ಉಳುಕು ತೀಡಲು ಬರುತ್ತಿತ್ತು, ಅಷ್ಟೇ. ಹೆಬ್ಬೆರಳಿನಿಂದ ಒತ್ತಿ ನೋಡಿ, ಬರೀ ಉಳುಕಾದರೆ ಬಿಸಿ ಔಡಲೆಣ್ಣೆ ಹಚ್ಚಿ ತೀಡುವಳು. ಎಲುಬು ಮುರಿದಿದೆ ಅನಿಸಿದರೆ, "ಇದು ನಂದಲ್ಲ, ದವಾಖಾನಿಗೆ ಹೋಗು," ಎಂದು ಎಬ್ಬಿಸಿಬಿಡುವಳು. ದುಡ್ಡು ಮುಟ್ಟುತ್ತಿರಲಿಲ್ಲ. ಆದರೆ ಗುರುತಿನವರು ಕಳಿಸಿದವರಿಗೆ ಮಾತ್ರ ಕೈ ಹಚ್ಚುತ್ತಿದ್ದಳು.

"ಕಳಿಸಿದವರು ಗೊತ್ತಿರ್ಬೇಕೋ. ನಾಳೆ ಆ ಕಾಲು ಹೆಂಗದ ಅಂತ ಕೇಳಾಕ ನನಗೊಂದು ಮನಿ ಬೇಕಲ್ಲ," ಎನ್ನುತ್ತಿದ್ದಳು.

ಈಗ ಬರುತ್ತಿರುವವರನ್ನು ಕಳಿಸುತ್ತಿದ್ದ ಮನೆ ಯಾವುದು ಎಂದು ಅಜ್ಜಿಗೆ ತಿಳಿಯುತ್ತಿರಲಿಲ್ಲ. ಸ್ವಪ್ನಿಲನಿಗೆ ತಿಳಿದಿತ್ತು. ಅದು ಇದೇ ಮನೆ. ಇದೇ ಕೋಣೆ. ಮೂಲೆಯಲ್ಲಿರುವ ಇದೇ ಕಂಪ್ಯೂಟರ್.

*

ಇದು ೨೦೦೯ರ ಮಾತು. ಮ್ಯಾಪ್ ಇರುವ ಫೋನು ಆಗಿನ್ನೂ ಎಲ್ಲರ ಕೈಗೆ ಬಂದಿರಲಿಲ್ಲ. ಆದರೆ 'ವರ್ಲ್ಡ್‌ಪಿನ್' ಎಂಬ ವೆಬ್‌ಸೈಟ್ ಬಂದಿತ್ತು. ಇಡೀ ಜಗತ್ತಿನ ನಕ್ಷೆ ಅದರಲ್ಲಿ. ಖಾಲಿ ಇರುವ ಕಡೆ ಯಾರು ಬೇಕಾದರೂ ರಸ್ತೆ ಎಳೆಯಬಹುದು, ಅಂಗಡಿ ಗುರುತಿಸಬಹುದು. ಗುರುತಿಸಿದಷ್ಟೂ ಪಾಯಿಂಟ್. ಮೊದಲು ಎಲ್ಲರೂ 'ಸ್ಕೌಟ್'; ಪಾಯಿಂಟ್ ಜಾಸ್ತಿಯಾದರೆ ಹೆಸರಿನ ಮುಂದೆ 'ಕ್ಯಾಪ್ಟನ್' ಎಂದು ಬೀಳುತ್ತದೆ.

ಸ್ವಪ್ನಿಲನ ಕ್ಲಾಸಿನ ಸ್ನೇಹಲ್ ಆಗಲೇ ಕ್ಯಾಪ್ಟನ್ ಆಗಿದ್ದಳು. ಝೆರಾಕ್ಸ್ ಅಂಗಡಿ, ವಡಾಪಾವ್ ಗಾಡಿ, ಪಂಕ್ಚರ್ ತೆಗೆಯುವವನು, ಯಾರನ್ನೂ ಬಿಟ್ಟಿರಲಿಲ್ಲ.

"ನೀ ಇನ್ನೂ ಬರೀ ಸ್ಕೌಟ್ ಏನೋ?" ಎಂದು ರಿಸೆಸ್‌ನಲ್ಲಿ ಎಲ್ಲರ ಮುಂದೆ ಕೇಳಿದಳು. "ಪಾಪ, ನಿಮ್ಮ ಓಣಿಯಾಗ ಹಾಕ್ಲಿಕ್ಕೆ ಏನೂ ಇಲ್ಲೇನು?"

ಓಣಿಯಲ್ಲಿದ್ದದ್ದನ್ನೆಲ್ಲ ಸ್ವಪ್ನಿಲ್ ಆಗಲೇ ಹಾಕಿ ಮುಗಿಸಿದ್ದ. ಕಟ್ಟಿಗೆ ಕೊಯ್ಯುವ ಸಾ ಮಿಲ್ ಹಿಂದೆ ಸೈಕಲ್ ತೂರಿಸುವ ಸಂದಿಯನ್ನೂ ರಸ್ತೆ ಎಂದು ಎಳೆದುಬಿಟ್ಟಿದ್ದ. ಆಗ ನೆನಪಾದವಳು ಅಜ್ಜಿ.

ಹೆಸರು ಬರೆದ. ಮನೆಯ ಮೇಲೆ ಚುಕ್ಕೆ ಇಟ್ಟ. ಇದು ಏನು ಎಂದು ವೆಬ್‌ಸೈಟ್ ಕೇಳಿತು. ಹೋಟೆಲ್, ಬ್ಯಾಂಕ್, ಶಾಲೆ, ದೇವಸ್ಥಾನ, ಪೆಟ್ರೋಲ್ ಪಂಪ್, ಹಾಸ್ಪಿಟಲ್ ಎಂದು ಪಟ್ಟಿಯೊಂದು ಇಳಿಯಿತು. ಉಳುಕು ತೀಡುವ ಅಜ್ಜಿ ಎಂಬುದು ಅದರಲ್ಲಿ ಇರಲಿಲ್ಲ. ಅಮೆರಿಕದಲ್ಲೋ ಎಲ್ಲೋ ಕೂತು ಆ ಪಟ್ಟಿ ಮಾಡಿದವರಿಗೆ ಕಾಲು ಉಳುಕುವುದೇ ಇಲ್ಲವೋ ಏನೋ. 'ಇತರೆ' ಎಂದು ಒತ್ತಿದರೆ ಒಂದು ಪಾಯಿಂಟೂ ಸಿಗುವುದಿಲ್ಲ. ಹಾಸ್ಪಿಟಲಿಗೆ ಎಲ್ಲಕ್ಕಿಂತ ಜಾಸ್ತಿ.

ಒತ್ತಿದ. ಕ್ಯಾಪ್ಟನ್ ಆದ.

"ರೈಲ್ವೆ ಆಚೆ ಕಾರ್ಪೊರೇಷನ್ ದವಾಖಾನಿ ಅದ ಅಲ್ಲ, ಅದನ್ನೂ ಹಾಕೋ," ಎಂದಿದ್ದಳು ಸ್ನೇಹಲ್, ಸ್ವಲ್ಪ ಹೊಟ್ಟೆಕಿಚ್ಚಿನಿಂದಲೇ.

"ಅಲ್ಲಿ ಹೋಗಾವ್ರು ಯಾರು ಕಂಪ್ಯೂಟರ್‌ದಾಗ ಹುಡುಕ್ತಾರ?" ಎಂದು ಸ್ವಪ್ನಿಲ್ ನಕ್ಕಿದ್ದ. ಸ್ನೇಹಲ್ ಕೂಡ ನಕ್ಕಿದ್ದಳು. ಇಬ್ಬರೂ ಅದನ್ನು ಹಾಕಲಿಲ್ಲ.

ಅಲ್ಲಿಗೆ ಸುಮ್ಮನಾಗಿದ್ದರೆ ಚುಕ್ಕೆ ಚುಕ್ಕೆಯಾಗಿಯೇ ಇರುತ್ತಿತ್ತು. ಆದರೆ ಗುರುತೇ ಇಲ್ಲದ ಯಾರೋ ಬಂದು ಅದಕ್ಕೆ 'ಮೂಳೆ ಮತ್ತು ಕೀಲು' ಎಂದು ಸೇರಿಸಿದರು. ಇನ್ಯಾರೋ 'ಇದು ಸರಿಯಾಗಿದೆ' ಎಂದು ಒತ್ತಿದರು. ಮತ್ಯಾರಿಗೋ ಪಾಯಿಂಟ್ ಕಡಿಮೆ ಬಿದ್ದಿತ್ತೇನೋ, '೨೪ ತಾಸೂ ತೆರೆದಿದೆ' ಎಂದು ಬರೆದರು.

ಜನ ಬರತೊಡಗಿದರು.

*

ಮೊದಮೊದಲು ಮಜಾ ಇತ್ತು. ಸ್ವಪ್ನಿಲ್ ಮಿಮಿಕ್ರಿಯಲ್ಲಿ ಎತ್ತಿದ ಕೈ. ಬಂದವರನ್ನೆಲ್ಲ ಮಾರನೇ ದಿನ ಕ್ಲಾಸಿನಲ್ಲಿ ಮಾಡಿ ತೋರಿಸುತ್ತಿದ್ದ. ಒಂಟಿ ಕಾಲಿನ ಕೊಕ್ಕರೆ, ಕುತ್ತಿಗೆ ಹಿಡಿದುಕೊಂಡು ಇಡೀ ಮೈಯನ್ನೇ ತಿರುಗಿಸಿ ಮಾತಾಡುವ ಮಾಮಾ. ಟೈ ಕಟ್ಟಿ, ಔಷಧದ ಸ್ಯಾಂಪಲ್ ಹೊತ್ತು ಬಂದು, ಮೆಂತ್ಯ ಸೋಸುತ್ತಿದ್ದ ಅಜ್ಜಿಗೇ "ಗುಡ್ ಮಾರ್ನಿಂಗ್ ಮ್ಯಾಡಮ್, ಡಾಕ್ಟರ್ ಬಸವಣ್ಣೆವ್ವ ಫ್ರೀ ಇದ್ದಾರಾ?" ಎಂದು ಕೇಳಿದ ಮೆಡಿಕಲ್ ರೆಪ್ ಅಂತೂ ಸೂಪರ್‌ಹಿಟ್.

ಅಜ್ಜಿಗೂ ಖುಷಿ ಇತ್ತು. ಊರಿನಲ್ಲಿರುವ ತಂಗಿಗೆ ಫೋನಿನಲ್ಲಿ ಕೂಗಿ ಕೂಗಿ ಹೇಳುತ್ತಿದ್ದಳು. "ಏ ಭೀಮವ್ವಾ, ನನ್ನ ಕೈಗುಣ ವಾಕಡದ ತನಕಾ ಹೋಗ್ಯದ ನೋಡ! ಕಾರ್‌ನಾಗ ಬರ್ತಾರ, ಕಾರ್‌ನಾಗ!" ಮುಂಜಾನೆ ಎದ್ದ ಕೂಡಲೇ ಒಳ್ಳೆಯ ಸೀರೆ ಉಟ್ಟು ಕೂರುತ್ತಿದ್ದಳು. ಯಾರು ಯಾವಾಗ ಬರುತ್ತಾರೋ!

ಆಮೇಲೆ ಬಂದವರು ಹೆಚ್ಚಾದರು. ಉಳುಕಿನವರ ಜೊತೆ ಜ್ವರದವರು ಬಂದರು, ಹಲ್ಲುನೋವಿನವರು ಬಂದರು. ಇಲ್ಲ ಎಂದರೆ ಸಿಟ್ಟಾಗುತ್ತಿದ್ದರು. "ಮತ್ತೆ ಬೋರ್ಡ್ ಯಾಕೆ ಹಾಕೀರಿ?" ಎನ್ನುತ್ತಿದ್ದರು. ಬೋರ್ಡೇ ಇರಲಿಲ್ಲ. ಅಜ್ಜಿ ಊಟಕ್ಕೆ ಕೂತರೆ ಬೆಲ್. ಕಣ್ಣು ಮುಚ್ಚಿದರೆ ಬೆಲ್.

ಒಂದು ಸಂಜೆ ಸೊಸೈಟಿಯ ಸೆಕ್ರೆಟರಿ ದಿಗಂಬರಕಾಕಾ ಮೆಟ್ಟಿಲಿಳಿದು ಬಂದರು. ಸೋಲಾಪುರದವರಾದ ಅವರು ಕನ್ನಡ ಮರಾಠಿ ಎರಡನ್ನೂ ಕಲಸಿ ಒಂದೇ ತುತ್ತು ಮಾಡುತ್ತಿದ್ದರು.

"ಕಾಯ್ ಹೋ ಶಿವಪ್ರಕಾಶ, ಹೇ ಕಾಯ್ ಚಾಲ್ಲಂಯ್? ಏನ್ ನಡದದ ಇದು? ಜಿನ್ಯಾದ ಮೆಟ್ಲ ಮ್ಯಾಲ ಪೇಷಂಟ್, ಪಾರ್ಕಿಂಗ್‌ದಾಗ ರಿಕ್ಷಾ! ನಿನ್ನೆ ನನ್ನ ಮನಿ ಬೆಲ್ ಒತ್ತಿ ಒಬ್ಬಾಂವ ಎಕ್ಸ್‌ರೇ ತೋರಿಸಿದಾ. ನಾ ಏನ್ ಎಕ್ಸ್‌ರೇ ನೋಡಾಂವೇನ್ರಿ? ಇದು ರೆಸಿಡೆನ್ಷಿಯಲ್ ಸೊಸೈಟಿ. ಮೀಟಿಂಗ್‌ದಾಗ ಎಲ್ಲಾರೂ ಹೇಳ್ಯಾರ, ದವಾಖಾನಿ ಬಂದ್ ಮಾಡ್ರಿ, ಇಲ್ಲಾ ಮನಿ ಖಾಲಿ ಮಾಡ್ರಿ."

"ಕಾಕಾ, ನಾವು ಎಲ್ಲಿ ದವಾಖಾನಿ ತಗದೀವ್ರಿ?" ಎಂದರು ಪಪ್ಪಾ. ಭೋಸರಿಯ ಆಫೀಸಿನಿಂದ ಆಗಷ್ಟೇ ಬಂದಿದ್ದರು, ಇನ್ನೂ ಬೂಟು ಬಿಚ್ಚಿರಲಿಲ್ಲ. "ಯಾರೋ ಬೇಕಂತನ ನಮ್ಮ ಅಡ್ರೆಸ್ ಕೊಡಾಕತ್ತಾರ. ಅಂವ ಯಾರಂತ ಗೊತ್ತಾಗ್ಲಿ, ಪೊಲೀಸ್ ಕಂಪ್ಲೇಂಟ್ ಕೊಡ್ತೀನಿ ನಾನು."

ಸ್ವಪ್ನಿಲ್ ಅರ್ಧ ಚಪಾತಿಯನ್ನು ತಟ್ಟೆಯಲ್ಲೇ ಬಿಟ್ಟು ಎದ್ದ.

ಎಲ್ಲರೂ ಟಿವಿ ಮುಂದೆ ಕೂತಾಗ ಅವನು ಮೆಲ್ಲಗೆ ಕಂಪ್ಯೂಟರ್ ಹಚ್ಚಿದ. ಚುಕ್ಕೆಯ ಮೇಲೆ ಒತ್ತಿ 'ಡಿಲೀಟ್' ಎಂದ. ಈ ಜಾಗವನ್ನು ಹಲವರು ಸರಿ ಎಂದಿದ್ದಾರೆ, ನಿಮ್ಮ ವಿನಂತಿಯನ್ನು ಪರಿಶೀಲಿಸುತ್ತೇವೆ ಎಂದು ಉತ್ತರ ಬಂತು. ಮರುದಿನ ನೋಡಿದ. ಪರಿಶೀಲಿಸುತ್ತಲೇ ಇದ್ದರು. ಮತ್ತೆ ಡಿಲೀಟ್ ಒತ್ತಿದ. ಮತ್ತೆ ಮತ್ತೆ ಒತ್ತಿದ. ಆಗ ಹಳದಿ ಬಣ್ಣದ ಒಂದು ಚೌಕಟ್ಟು ಜಿಗಿದು ಬಂತು. 'ದಯವಿಟ್ಟು ಸರಿಯಾದ ಮಾಹಿತಿಯನ್ನು ಅಳಿಸಬೇಡಿ. ಹೀಗೇ ಮುಂದುವರಿದರೆ ನಿಮ್ಮ ಖಾತೆ ಮುಚ್ಚಲಾಗುವುದು.'

ಸುಳ್ಳು ಹೇಳಿದಾಗ ಕ್ಯಾಪ್ಟನ್ ಮಾಡಿದ್ದರು. ಈಗ ನಿಜ ಹೇಳುತ್ತಿದ್ದಾನೆ, ಬೈಯುತ್ತಿದ್ದಾರೆ. ಯಾರನ್ನು ಕೇಳುವುದು? ಫೋನ್ ನಂಬರ್ ಹುಡುಕಿದ. ಇರಲಿಲ್ಲ. ಜಗತ್ತಿನ ಎಲ್ಲರ ವಿಳಾಸ ಇರುವ ಆ ವೆಬ್‌ಸೈಟಿನಲ್ಲಿ ಅದರದೇ ವಿಳಾಸ ಇರಲಿಲ್ಲ.

"ನಿಮ್ಮ ಪಪ್ಪಾಗ ಹೇಳಿಬಿಡೋ," ಎಂದಳು ಸ್ನೇಹಲ್.

"ಪೊಲೀಸ್ ಅಂದಾರ, ಗೊತ್ತದ ಇಲ್ಲ?"

"ಮಗನ್ನ ಯಾರಾದ್ರೂ ಪೊಲೀಸ್‌ಗೆ ಕೊಡ್ತಾರೇನೋ ಹುಚ್ಚಾ?"

ಕೊಡುವುದಿಲ್ಲ ಎಂದು ಸ್ವಪ್ನಿಲನಿಗೂ ಗೊತ್ತಿತ್ತು. ಆದರೂ ಹೇಳಲು ಹೋದಾಗಲೆಲ್ಲ ಮಾತು ಹಲ್ಲಿನವರೆಗೆ ಬಂದು ವಾಪಸ್ ಹೋಗುತ್ತಿತ್ತು. ಎಲ್ಲರ ದನಿ ತೆಗೆಯುವವನಿಗೆ ತನ್ನ ದನಿಯೇ ಹೊರಡುತ್ತಿರಲಿಲ್ಲ.

*

ಶನಿವಾರ ಶಾಲೆ ಅರ್ಧ ದಿನ. ಪಪ್ಪಾ ಭೋಸರಿಯ ಆಫೀಸಿನಲ್ಲಿ, ಮಮ್ಮಿ ಬ್ಯಾಂಕಿನಲ್ಲಿ. ಅಜ್ಜಿ, ಮೊಮ್ಮಗ ಇಬ್ಬರೇ ಊಟ ಮುಗಿಸಿದ್ದರು.

ಬೆಲ್ ಹೊಡೆಯಿತು. ಒತ್ತಿದವರು ಬೆರಳು ತೆಗೆಯಲೇ ಇಲ್ಲ.

ಸ್ವಪ್ನಿಲ್ ಬಾಗಿಲು ತೆರೆದ. ಒಬ್ಬ ಹೆಂಗಸು ನಿಂತಿದ್ದರು. ಒಂದು ಕೈಯಲ್ಲಿ ದೊಡ್ಡ ಫೋನು, ಕಾರಿನ ಕೀ. ಇನ್ನೊಂದು ಕೈ ಒಬ್ಬ ಹುಡುಗನ ಸೊಂಟ ಬಳಸಿ ಹಿಡಿದಿತ್ತು. ಹುಡುಗ ಸ್ವಪ್ನಿಲನಷ್ಟೇ ದೊಡ್ಡವನು. ಮುಂದಕ್ಕೆ ಬಾಗಿದ್ದ. ಉಸಿರಿಗೊಮ್ಮೆ ಅವನ ಎದೆಯಿಂದ ಸಣ್ಣ ಸೀಟಿ ಬರುತ್ತಿತ್ತು. ಕುತ್ತಿಗೆಯ ಕೆಳಗಿನ ಗುಳಿ ಒಳಗೆ ಹೋಗಿ ಹೋಗಿ ಬರುತ್ತಿತ್ತು.

"ಡಾಕ್ಟರ್ ಕಹಾಂ ಹೈ? ಎಮರ್ಜೆನ್ಸಿ! ಡಾಕ್ಟರ್!"

"ಅಯ್ಯ ಯವ್ವಾ, ಏನಾತು ಕೂಸಿಗೆ?" ಅಜ್ಜಿ ಎದ್ದು ಬಂದಳು.

"ಕನ್ನಡದವರಾ? ದೇವ್ರೇ, ಸದ್ಯ! ಅಮ್ಮಾ, ಡಾಕ್ಟರನ್ನ ಬೇಗ ಕರೀರಿ. ನನ್ನ ಮಗನಿಗೆ ಅಸ್ತಮಾ. ಇಲ್ಲೇ ಮಾರ್ಕೆಟ್‌ಗೆ ಬಂದಿದ್ವಿ, ಧೂಳಿಗೆ ಶುರುವಾಯ್ತು. ಇನ್‌ಹೇಲರ್ ಖಾಲಿ. ಇದೇ ಹತ್ತಿರ ಅಂತ ಫೋನ್ ತೋರಿಸ್ತು..."

ಅಜ್ಜಿ ಹುಡುಗನ ಬೆನ್ನಿನ ಮೇಲೆ ಅಂಗೈ ಇಟ್ಟಳು. ಒಂದು ಕ್ಷಣ ಅಷ್ಟೇ. ಕೈ ತೆಗೆದಳು.

"ಯವ್ವಾ, ಇಲ್ಲಿ ಡಾಕ್ಟರ್ ಇಲ್ಲ. ನಾ ಉಳುಕು ತೀಡಾಕಿ. ಇದು ಉಸರಿಂದು, ನನ್ನ ಕೈಲೆ ಆಗೂದಲ್ಲ. ದವಾಖಾನಿಗೆ ನಡಿ, ನಿಂದರಬ್ಯಾಡ."

"ಇದೇ ಅಲ್ವಾ ದವಾಖಾನೆ?" ಆ ಹೆಂಗಸು ಅಜ್ಜಿಯ ಹಿಂದೆ ಇಣುಕಿದರು. ಟಿವಿ, ದಿವಾನ, ಒಣಹಾಕಿದ ಶಾಲೆಯ ಯೂನಿಫಾರ್ಮ್ ಕಂಡವು. "ಇಪ್ಪತ್ನಾಲ್ಕು ಗಂಟೆ ಅಂತ ಹಾಕಿದ್ದಾರಲ್ರೀ..." ಎನ್ನುವಾಗ ಅವರ ದನಿ ಒಡೆದುಹೋಯಿತು.

ಆ ಸೀಟಿ ಸ್ವಪ್ನಿಲನ ಕಿವಿಯೊಳಗೆ ಕೊರೆಯುತ್ತಿತ್ತು.

"ಕಾರ್ಪೊರೇಷನ್ ದವಾಖಾನಿ ಅದ ಆಂಟಿ," ಎಂದ. "ರೈಲ್ವೆ ಆಚೆ. ನಾ ತೋರಿಸ್ತೀನಿ, ಬರ್ರಿ!"

ಅಜ್ಜಿ ಚಪ್ಪಲಿಯನ್ನೂ ಮೆಟ್ಟದೆ ಕಾರಿನ ಹಿಂದಿನ ಸೀಟಿನಲ್ಲಿ ಕೂತಳು. ಹುಡುಗ ಒರಗಲು ಹೋದರೆ, "ಮಲಗಬ್ಯಾಡ ಮಗನ, ನೆಟ್ಟಗ ಕುಂದರು. ನನ್ನ ಹಿಡ್ಕೋ," ಎಂದು ಎದೆಗೆ ಆನಿಸಿಕೊಂಡಳು. ಸ್ವಪ್ನಿಲ್ ಮುಂದಿನ ಸೀಟಿಗೆ ಹಾರಿದ.

ಆಂಟಿ ಒಂದು ಕೈಯಲ್ಲಿ ಸ್ಟಿಯರಿಂಗ್, ಇನ್ನೊಂದರಲ್ಲಿ ಫೋನ್ ಹಿಡಿದಿದ್ದರು. "ನೀನು ಹೇಳೋ ಆಸ್ಪತ್ರೆ ಇದ್ರಲ್ಲಿ ಇಲ್ವೇ ಇಲ್ಲ!"

"ಇಲ್ರಿ. ಅದನ್ನ ಯಾರೂ ಹಾಕಿಲ್ಲ. ಆದ್ರ ಅದ, ಖರೇನ ಅದ. ಎಡಕ್ಕ ಹೊಳ್ಳಿಸ್ರಿ."

ಸಾ ಮಿಲ್ ಬಂತು. ಆಂಟಿ ಫೋನ್ ನೋಡಿದರು. "ಇಲ್ಲಿ ಸ್ಟ್ರೇಟ್ ರೋಡಿದೆ. ಸೀದಾ ರೈಲ್ವೆ ಹತ್ತಿರ ಹೋಗುತ್ತೆ."

"ಬ್ಯಾಡ್ರಿ! ಅಲ್ಲಿ ಕಬ್ಬಿಣದ ಕಂಬ ಹುಗದಾರ. ಕಾರ್ ಹೋಗಂಗಿಲ್ಲ!"

"ಮ್ಯಾಪ್‌ನಲ್ಲಿ ಕ್ಲಿಯರ್ ಆಗಿ ತೋರಿಸ್ತಿದೆ ಕಣೋ!"

"ಆ ರೋಡ್ ಎಳದಾಂವ ನಾನs ಆಂಟಿ!" ಸ್ವಪ್ನಿಲ್ ಕಿರುಚಿದ. "ಅಲ್ಲಿ ಸೈಕಲ್ ಅಷ್ಟs ಹೋಗ್ತದ! ಬಲಕ್ಕ ತಗೋರಿ, ಬಲಕ್ಕ! ಕೆಳಗ ಸಬ್‌ವೇ ಅದ!"

ಆಂಟಿ ಅವನ ಮುಖ ನೋಡಿದರು. ಫೋನನ್ನು ಅವನ ತೊಡೆಯ ಮೇಲೆ ಬಿಸಾಕಿ ಬಲಕ್ಕೆ ತಿರುಗಿಸಿದರು.

ಆಮೇಲೆ ಅವನು ಫೋನ್ ನೋಡಲಿಲ್ಲ. ರಸ್ತೆ ನೋಡಿದ. ಮೆಡಿಕಲ್ ಶಾಪ್, ಸ್ಪೀಡ್ ಬ್ರೇಕರ್, ಅಡ್ಡ ನಿಂತ ಟೆಂಪೊ. "ಹಾರ್ನ್ ಹಾಕ್ರಿ. ಹಾ, ಈಗ ಎಡಕ್ಕ. ಹಳದಿ ಗೇಟ್!" ಹಿಂದೆ ಕೂತ ಹುಡುಗನ ಎದೆಯ ಸೀಟಿ ಕೇಳಿಸುತ್ತಿದ್ದಾಗ ಭಯವಾಗುತ್ತಿತ್ತು. ಸಬ್‌ವೇ ಒಳಗೆ ಅದು ಕೇಳಿಸದೇ ಹೋದಾಗ ಅದಕ್ಕಿಂತ ಹೆಚ್ಚು ಭಯವಾಯಿತು. ಮೇಲೆ ಬಂದಾಗ ಮತ್ತೆ ಕೇಳಿಸಿತು.

ಗೇಟಿನ ಬಳಿ ವಾರ್ಡ್‌ಬಾಯ್ ಹುಡುಗನನ್ನು ಎತ್ತಿಕೊಂಡು ಓಡಿದ.

*

ಒಳಗೆ ಹುಡುಗನ ಮೂಗು ಬಾಯಿಗೆ ಮಾಸ್ಕ್ ಹಾಕಿ, ಔಷಧದ ಹೊಗೆ ಬಿಟ್ಟರು. ಸ್ವಪ್ನಿಲ್, ಅಜ್ಜಿ ಹೊರಗಿನ ಬೆಂಚಿನ ಮೇಲೆ ಕೂತರು. ಬಾಗಿಲಿನ ಗಾಜಿನಿಂದ ಡಾಕ್ಟರರ ಬೆನ್ನು ಮಾತ್ರ ಕಾಣುತ್ತಿತ್ತು. ಆ ಬೆನ್ನನ್ನೇ ಸ್ವಪ್ನಿಲ್ ಪುಸ್ತಕದಂತೆ ಓದುತ್ತಿದ್ದ. ಬಾಗಿತು. ನೆಟ್ಟಗಾಯಿತು. ಮತ್ತೆ ಬಾಗಿತು.

ಎಷ್ಟೋ ಹೊತ್ತಿನ ಮೇಲೆ ಆಂಟಿ ಹೊರಬಂದರು. ಕಾಡಿಗೆ ಕೆನ್ನೆಗಿಳಿದಿತ್ತು, ಮುಖ ನಗುತ್ತಿತ್ತು.

"ಉಸಿರಾಟ ಸರಿ ಹೋಗ್ತಿದೆ. ಸಂಜೆವರೆಗೂ ಇಲ್ಲೇ ಇಟ್ಕೊಂಡು ನೋಡ್ತಾರಂತೆ. ಇನ್ನು ಸ್ವಲ್ಪ ಲೇಟಾಗಿದ್ರೆ..." ಅಲ್ಲಿಗೆ ನಿಲ್ಲಿಸಿದರು. ಅಜ್ಜಿಯ ಕೈ ಹಿಡಿದುಕೊಂಡರು. ತಮ್ಮ ಹೆಸರು ಪ್ರಣೀತಾ ಎಂದರು. ಗಂಡ ರಕ್ಷಿತ ಕೆಲಸದ ಮೇಲೆ ಹೈದರಾಬಾದಿಗೆ ಹೋಗಿದ್ದಾನೆ, ವಾಕಡಕ್ಕೆ ಬಂದು ಒಂದು ತಿಂಗಳೂ ಆಗಿಲ್ಲ, ಇಲ್ಲಿ ಯಾರೂ ಗೊತ್ತಿಲ್ಲ ಎಂದರು. ಮಗನ ಹೆಸರು ಕುಶಲ.

"ಕುಶಲ ಕುಶಲ ಅದಾನಲ್ಲ, ಸಾಕು ಬಿಡವಾ," ಎಂದಳು ಅಜ್ಜಿ.

ಪ್ರಣೀತಾ ಆಂಟಿ ಅಳುತ್ತಲೇ ನಕ್ಕರು. ಸ್ವಪ್ನಿಲನ ಹೆಗಲ ಮೇಲೆ ಕೈ ಹಾಕಿ ಹತ್ತಿರ ಎಳೆದುಕೊಂಡರು. "ಈ ಹುಡುಗ ಇಲ್ದಿದ್ರೆ ನಾನು ಆ ಕಂಬಕ್ಕೆ ಹೋಗಿ ಗುದ್ದಿರ್ತಿದ್ದೆ. ಯೂ ಆರ್ ಎ ಹೀರೋ, ಗೊತ್ತಾ?" ಮತ್ತೆ ಫೋನ್ ತೆಗೆದರು. "ಇರಿ, ನಿಮ್ಮ ಜಾಗಕ್ಕೆ ಈಗ್ಲೇ ಐದು ಸ್ಟಾರ್ ಕೊಡ್ತೀನಿ. 'ನನ್ನ ಮಗನ ಜೀವ ಉಳಿಸಿದವರು' ಅಂತ ಬರೀತೀನಿ. ನಾಲ್ಕು ಜನಕ್ಕೆ ಗೊತ್ತಾಗ್ಲಿ."

ಅವರ ಹೆಬ್ಬೆರಳು ಕೆಂಪು ಚುಕ್ಕೆಯ ಮೇಲೆ ಹೋಯಿತು. ನಕ್ಷತ್ರಗಳು ಒಂದೊಂದಾಗಿ ಹಳದಿಯಾದವು.

ಸ್ವಪ್ನಿಲ್ ನೋಡುತ್ತಿದ್ದ. ಹೆಗಲ ಮೇಲಿನ ಕೈ ಬೆಚ್ಚಗಿತ್ತು. ಸುಮ್ಮನಿದ್ದರೆ ಸಾಕು, ಅದು ಹಾಗೇ ಇರುತ್ತದೆ. ಅವನು ಹೀರೋ ಆಗಿಯೇ ಮನೆಗೆ ಹೋಗಬಹುದು. ನಾಳೆ ಇನ್ನೊಂದು ಕಾರು ಬರುತ್ತದೆ. ಅದರಲ್ಲಿ ಇನ್ಯಾರದೋ ಎದೆ ಸೀಟಿ ಹೊಡೆಯುತ್ತಿರುತ್ತದೆ. ಆಗ ಅವನು ಶಾಲೆಯಲ್ಲಿರುತ್ತಾನೆ.

"ಬ್ಯಾಡ್ರಿ ಆಂಟಿ."

"ಯಾಕೋ?"

"ಆ ಚುಕ್ಕಿ... ಅದನ್ನೂ ನಾನs ಹಾಕಿದ್ದು. ಪಾಯಿಂಟ್ ಸಿಗ್ತದಂತ. ನಮ್ಮನಿ ದವಾಖಾನಿ ಅಲ್ಲಂತ ಗೊತ್ತಿದ್ದೂ ಹಾಕೀನಿ."

ಪ್ರಣೀತಾ ಆಂಟಿ ಅವನನ್ನು ನೋಡಿದರು. ಗಾಜಿನ ಬಾಗಿಲ ಕಡೆ ನೋಡಿದರು. ಹೆಗಲ ಮೇಲಿನ ಕೈ ಹೋಯಿತು. ಆ ಜಾಗ ತಣ್ಣಗಾಯಿತು.

"ತೆಗ್ಯೋದಲ್ವಾ ಅದನ್ನ?" ಎಂದರು ಕೊನೆಗೆ. ದನಿ ಬೇರೆಯದೇ ಆಗಿತ್ತು.

"ಭಾಳ ಸಲ ಒತ್ತೀನ್ರಿ. ನನ್ನ ಮಾತು ನಂಬವಲ್ರು. ಬ್ಯಾರೇದವ್ರು ಹೇಳಿದ್ರ..."

ಅವರು ನಿಂತಲ್ಲೇ ಫೋನಿನಲ್ಲಿ ಟೈಪ್ ಮಾಡಿದರು. ಇಲ್ಲಿ ಆಸ್ಪತ್ರೆ ಇಲ್ಲ. ಇದನ್ನು ನಂಬಿ ಬರಬೇಡಿ. ಕಳಿಸಿದರು. ಧನ್ಯವಾದಗಳು, ಪರಿಶೀಲಿಸುತ್ತೇವೆ ಎಂದು ಬಂತು.

"ಎಷ್ಟು ದಿನ ಪರಿಶೀಲಿಸ್ತಾರೆ?"

"ಗೊತ್ತಿಲ್ರಿ."

ಆಂಟಿ ಬಾಗಿಲು ತಳ್ಳಿ ಮಗನ ಬಳಿ ಹೋದರು.

"ಏನಂದ್ಯೋ ಆಕಿಗೆ?" ಎಂದಳು ಅಜ್ಜಿ. "ಪಾಪ, ಆಕಿ ಮಾರಿ ಇಷ್ಟಾತು."

ಮಾತು ಒಮ್ಮೆ ಹೊರಬಿದ್ದಾಗಿತ್ತು, ಇನ್ನು ತಡೆಯುವುದೇನು? ಸ್ವಪ್ನಿಲ್ ಅಜ್ಜಿಗೂ ಹೇಳಿದ. ಪಾಯಿಂಟ್, ಕ್ಯಾಪ್ಟನ್, ಚುಕ್ಕೆ, ಎಲ್ಲ. ಅಜ್ಜಿಗೆ ಅರ್ಧ ತಿಳಿಯಲಿಲ್ಲ. ತಿಳಿದ ಅರ್ಧ ಸಾಕಾಗಿತ್ತು. ಅವಳು ತನ್ನ ಎರಡೂ ಅಂಗೈಗಳನ್ನು ತೊಡೆಯ ಮೇಲೆ ಬಿಡಿಸಿಟ್ಟುಕೊಂಡು ನೋಡುತ್ತ ಕೂತಳು.

"ನಾ ಏನೋ ಕೈಗುಣ ಅಂತ ತಿಳ್ಕೊಂಡಿದ್ದೆ," ಎಂದಳು.

ಬೈದಿದ್ದರೆ ಚೆನ್ನಾಗಿತ್ತು.

*

ಸಂಜೆ ಪಪ್ಪಾ ಬಂದಾಗ ಸ್ವಪ್ನಿಲನೇ ಬಾಗಿಲು ತೆರೆದು, ಅವರು ಬೂಟು ಬಿಚ್ಚುವ ಮೊದಲೇ ಹೇಳಿಬಿಟ್ಟ. ಪಪ್ಪಾ ಬಿಚ್ಚಲು ಹೊರಟಿದ್ದ ಬೂಟಿನ ಲೇಸನ್ನು ಮತ್ತೆ ಕಟ್ಟಿಕೊಂಡರು. ಆಮೇಲೆ ಎದ್ದು, ಒಂದು ರಟ್ಟಿನ ಮೇಲೆ ಮರಾಠಿ, ಇಂಗ್ಲಿಷ್, ಕನ್ನಡ ಮೂರರಲ್ಲೂ 'ಇಲ್ಲಿ ದವಾಖಾನೆ ಇಲ್ಲ' ಎಂದು ಅವನಿಂದಲೇ ಬರೆಸಿದರು. ಅದರ ಕೆಳಗೆ ಕಾರ್ಪೊರೇಷನ್ ದವಾಖಾನೆಗೆ ಹೋಗುವ ದಾರಿಯನ್ನೂ ಬಿಡಿಸಲು ಹೇಳಿದರು. ಗೇಟಿಗೆ ಕಟ್ಟಲು ಇಬ್ಬರೂ ಹೊರಟಾಗ, ದಿಗಂಬರಕಾಕಾ ಮೇಲಿನಿಂದ ಬಗ್ಗಿ ನೋಡಿ, "ಹಾಂ, ಬೋರ್ಡ್ ಬಂತು!" ಎಂದರು.

ವಾಪಸ್ ಬಂದಾಗ ಅಜ್ಜಿ ಕಂಪ್ಯೂಟರಿನ ಮುಂದಿನ ಕುರ್ಚಿಯಲ್ಲಿ ಕೂತಿದ್ದಳು. ಆ ಕುರ್ಚಿಯಲ್ಲಿ ಅವಳು ಎಂದೂ ಕೂತವಳಲ್ಲ.

"ತೋರಸು," ಎಂದಳು. "ಎಲ್ಲಿ ಇಟ್ಟಿ ನನ್ನ?"

ಸ್ವಪ್ನಿಲ್ ವೆಬ್‌ಸೈಟ್ ತೆರೆದ. ಚುಕ್ಕೆ ಇನ್ನೂ ಇತ್ತು. ಅಜ್ಜಿಗೆ ಬರೀ ಗೆರೆಗಳು ತಿಳಿಯಲಿಕ್ಕಿಲ್ಲ ಎಂದು, ಮೇಲಿನಿಂದ ತೆಗೆದ ಫೋಟೋ ಕಾಣುವ ಬಟನ್ ಒತ್ತಿದ. ಗೆರೆಗಳು ಹೋಗಿ ಛಾವಣಿಗಳು ಬಂದವು. ಸಾ ಮಿಲ್. ಬೇವಿನ ಗಿಡ. ನೀರಿನ ಟ್ಯಾಂಕ್.

"ಇದು ನಮ್ಮ ಬಿಲ್ಡಿಂಗ್ ಅಜ್ಜಿ. ಸ್ಯಾಟಲೈಟ್‌ಲೆ ತಗದಾರ. ಆಕಾಶದಾಗಿಂದ."

ಅಜ್ಜಿ ಕನ್ನಡಕ ಏರಿಸಿ ಬಗ್ಗಿದಳು. ಮಾಳಿಗೆಯ ಒಂದು ಅಂಚಿನಲ್ಲಿ ಹಸಿರು ಗೆರೆಯೊಂದು ಉದ್ದಕ್ಕೆ ಬಿದ್ದಿತ್ತು. ಅದರ ಪಕ್ಕದಲ್ಲಿ ಒಂದು ಕಪ್ಪು ಕಾಳಿನಷ್ಟು ನೆರಳು.

"ಏ ಇದು ನನ್ನ ಹಸರು ಇಲಕಲ್ ಸೀರಿ!" ಎಂದಳು. ಬೆರಳು ನೆರಳಿನ ಮೇಲೆ ಹೋಗಿ ನಿಂತಿತು. "ಇಕಿ ನಾನs ಏನು? ಒಣಾಕ ಹಾಕಾಕತ್ತೀನಿ?"

ಇರಬಹುದು. ಸ್ವಪ್ನಿಲ್ ಆ ಫೋಟೋವನ್ನು ಎಷ್ಟೋ ಸಲ ನೋಡಿದ್ದ. ಹಾಕಲು ಇನ್ನೇನಾದರೂ ಸಿಗುತ್ತದೆಯೇ ಎಂದು ಅಂಚಂಚೂ ಹುಡುಕಿದ್ದ. ಆ ಗೆರೆಯನ್ನೂ ಕಂಡಿದ್ದ. ಅದಕ್ಕೆ ಪಾಯಿಂಟ್ ಇರಲಿಲ್ಲ, ಮುಂದೆ ಹೋಗಿದ್ದ.

"ಯಾರು ಮತ್ತ ಇದನ್ನ ನೋಡಾವ್ರು?"

"ಯಾರ್ ಬೇಕಾದ್ರೂ ನೋಡಬಹುದು ಅಜ್ಜಿ."

"ಮಿಂದು ಮಾಳಿಗಿಗೆ ಹೋಗಿರ್ತೀನಲ್ಲೋ. ಮ್ಯಾಲ ಯಾರಿರ್ತಾರಂತ ತಲಿ ಮ್ಯಾಲ ಸೆರಗೂ ಇರಂಗಿಲ್ಲ." ಅಜ್ಜಿ ಪರದೆಯಿಂದ ಸ್ವಲ್ಪ ಹಿಂದೆ ಸರಿದಳು. "ಫೋಟೋ ತಗಿಯೂ ಮುಂದ ಒಂದು ಮಾತು ಕೇಳಬಾರದೇನು?"

ಅವಳ ಕೈ ತಾನಾಗಿಯೇ ಮೇಲೆ ಹೋಯಿತು. ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಹಣೆಯವರೆಗೆ ತಂದುಕೊಂಡಳು, ಮನೆಗೆ ಗುರುತಿಲ್ಲದ ಗಂಡಸರು ಬಂದಾಗ ಮಾಡುವಂತೆ.

ಸ್ವಪ್ನಿಲ್ ಮಾನಿಟರ್ ಆಫ್ ಮಾಡಿದ. ಪರದೆ ಕಪ್ಪಾಯಿತು. ಅದರಲ್ಲಿ ಅಜ್ಜಿಯೂ ಅವನೂ ಮಸುಕಾಗಿ ಕಾಣುತ್ತಿದ್ದರು.

"ಹೋತು ಅಜ್ಜಿ. ಈಗ ಯಾರೂ ಇಲ್ಲ."

ಅಜ್ಜಿ ಹೂಂ ಎಂದಳು. ಸೆರಗು ಮಾತ್ರ ಇಳಿಸಲಿಲ್ಲ.